ನಾಲ್ಕು ಜನ ಕೂಡಿ ಕಟ್ಟಿದ ಸಂಸ್ಥೆ

ಊರಿನಲ್ಲಿ ಗುಡಿಯ ಜೀರ್ಣೋದ್ಧಾರವಾಗಬೇಕಾದರೂ, ಮಕ್ಕಳಿಗೊಂದು ಶಾಲೆ ಏಳಬೇಕಾದರೂ, ಜಾತ್ರೆಯಲ್ಲಿ ಅನ್ನದಾಸೋಹ ನಡೆಯಬೇಕಾದರೂ ಅದು ಒಬ್ಬರಿಂದ ಆಗುವ ಕಾರ್ಯವಲ್ಲ. ನಾಲ್ಕು ಜನ ಹಿರಿಯರು ಕೂಡಬೇಕು, ಪಟ್ಟಿ ಎತ್ತಬೇಕು, ಕೊಟ್ಟವರಿಗೆ ಪಾವತಿ ಹರಿದು ಕೊಡಬೇಕು, ಕಾರ್ಯ ಮುಗಿದ ಮೇಲೆ ಜಮಾ-ಖರ್ಚು ಓದಿ ಹೇಳಬೇಕು. ಕೂಡುವುದು ಅಷ್ಟು ಕಠಿಣವಲ್ಲ. ಕೂಡಿದವರು ಹತ್ತು ವರ್ಷ ಒಟ್ಟಿಗೆ ಇರುವುದೇ ಕಠಿಣ. ಕಪಟಿಗಳು ಸೇರಿಕೊಂಡು ಸಂಘವನ್ನು ಕೆಡಿಸಿದ ಕಥೆಗಳು ಎಲ್ಲ ಊರುಗಳಲ್ಲೂ ಇವೆ. ಆದರೆ ಒಂದು ಕಾಸನ್ನೂ ಮುಟ್ಟದ, ತನು ಮನ ಧನಗಳಿಂದ ದುಡಿದ ಸಜ್ಜನರ ನಡುವೆಯೇ ಹಣದ ಮಾತಿಗೆ ಮನಸ್ತಾಪ ಬಂದು ಸಂಸ್ಥೆ ಒಡೆಯುವ ಹಂತಕ್ಕೆ ಹೋದ ಕಥೆಯೂ ಉಂಟು. ಅದು ನಡೆದದ್ದು ಪುಣೆಯಲ್ಲಿ. ಅದರಲ್ಲಿದ್ದವರು ಲೋಕಮಾನ್ಯ ಟಿಳಕ, ಆಗರಕರ, ಗೋಖಲೆಯವರಂಥ ಮಹನೀಯರು. ಅಲ್ಲಿ ರೂಪುಗೊಂಡ ಪದ್ಧತಿಯು ಮುಂದೆ ಬೆಳಗಾವಿಗೆ ಬಂದು ಕನ್ನಡನಾಡಿನಲ್ಲಿಯೂ ಫಲ ಕೊಟ್ಟಿತು. ಆ ಫಲವು ಗಡಿಯಾಚೆಯ ಕನ್ನಡಿಗರ ಮಕ್ಕಳಿಗೂ ಮುಟ್ಟಿದ್ದರಿಂದ ಈ ವೃತ್ತಾಂತವು ಭಕ್ತಾದಿಗಳಿಗೆ ತಿಳಿದಿರುವುದು ಒಳ್ಳೆಯದು.

1870ರ ದಶಕದ ಕೊನೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಬಾಳ ಗಂಗಾಧರ ಟಿಳಕ ಮತ್ತು ಗೋಪಾಳ ಗಣೇಶ ಆಗರಕರ ಎಂಬ ಇಬ್ಬರು ಗೆಳೆಯರಿದ್ದರು. ಇಬ್ಬರೂ 1856ರಲ್ಲಿ ಹುಟ್ಟಿದವರು. ಟಿಳಕರ ಮನೆ ಅನುಕೂಲಸ್ಥವಾಗಿತ್ತು. ಆಗರಕರರು ಕರಾಡದ ಹತ್ತಿರದ ಟೆಂಭು ಗ್ರಾಮದ ಕಡುಬಡವರ ಮಗ. ಬಿ.ಎ. ಮಾಡಿದವನಿಗೆ ಸರಕಾರದ ಚಾಕರಿ ಕೈಗೆಟಕುವಂತಿದ್ದ ಆ ಕಾಲದಲ್ಲಿ ಇವರಿಬ್ಬರೂ ಸರಕಾರಿ ನೌಕರಿ ಹಿಡಿಯದೆ ಶಿಕ್ಷಣಕ್ಕಾಗಿ ಬಾಳನ್ನು ಕೊಡಬೇಕೆಂದು ನಿಶ್ಚಯಿಸಿದರು. ದೊಡ್ಡ ಸಂಬಳದ ಆಸೆ ಇಟ್ಟುಕೊಳ್ಳಬೇಡವೆಂದು ಆಗರಕರರು ತಾಯಿಗೆ ಬರೆದ ಪತ್ರ ಮಹಾರಾಷ್ಟ್ರದಲ್ಲಿ ಮನೆಮಾತಾಗಿದೆ. ಮಗನ ಓದು ಮುಗಿದರೆ ಬಡತನ ಹಿಂಗೀತೆಂದು ಕಾದಿದ್ದ ಆ ತಾಯಿಗೆ ಪತ್ರ ಹೇಗೆನಿಸಿತೋ!

ಇವರಿಗೆ ಹಿರಿಯರಾಗಿ ದೊರೆತವರು ಮರಾಠಿಯ ಗದ್ಯಕ್ಕೆ ಹೊಸ ತೇಜ ತಂದ ವಿಷ್ಣುಶಾಸ್ತ್ರಿ ಚಿಪಳೂಣಕರರು. ಅವರು ಸರಕಾರಿ ಶಿಕ್ಷಕ ವೃತ್ತಿಗೆ ರಾಜೀನಾಮೆ ಕೊಟ್ಟು ಹೊರಬಂದಿದ್ದರು. 1880ರ ಜನೇವರಿಯಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭವಾಯಿತು. ನಾಮಜೋಶಿಯವರು ಆರಂಭಕ್ಕೇ ಬಂದರು. ಸಂಸ್ಕೃತ ಕೋಶದಿಂದ ಹೆಸರಾದ ವಾಮನ ಶಿವರಾಮ ಆಪಟೆಯವರೂ, ಎಂ.ಎ. ಮುಗಿಸಿದ ಆಗರಕರರೂ ತರುವಾಯ ಸೇರಿಕೊಂಡರು. ಮರುವರ್ಷವೇ, 1881ರಲ್ಲಿ, ಇದೇ ಗುಂಪು ಮರಾಠಿಯಲ್ಲಿ 'ಕೇಸರಿ', ಇಂಗ್ಲಿಷಿನಲ್ಲಿ 'ಮರಾಠಾ' ಪತ್ರಿಕೆಗಳನ್ನು ಹೊರಡಿಸಿತು. ಆಗರಕರರೇ ಕೇಸರಿಯ ಮೊದಲ ಸಂಪಾದಕರು.

ಆರಂಭದಲ್ಲಿಯೇ ಕಷ್ಟಗಳು ಬಂದವು. ಕೊಲ್ಹಾಪುರದ ದಿವಾಣರಾಗಿದ್ದ ಬರ್ವೆಯವರ ವಿರುದ್ಧ ಪತ್ರಿಕೆಗಳಲ್ಲಿ ಬಂದ ಬರಹಗಳಿಗಾಗಿ ಮಾನಹಾನಿಯ ಖಟ್ಲೆಯಾಗಿ, 1882ರಲ್ಲಿ ಟಿಳಕರೂ ಆಗರಕರರೂ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನ ಕಳೆಯಬೇಕಾಯಿತು. ಅದೇ ವರ್ಷ ಮಾರ್ಚಿನಲ್ಲಿ ಚಿಪಳೂಣಕರರು ತಮ್ಮ 32ನೆಯ ವಯಸ್ಸಿನೊಳಗೇ ತೀರಿಕೊಂಡಿದ್ದರು. ಸ್ಥಾಪಕರು ಹೋದರು, ಇಬ್ಬರು ಮುಖ್ಯ ಗುರುಗಳು ಜೈಲಿನಲ್ಲಿ. ಇಷ್ಟಾದರೂ ಶಾಲೆಯ ಬಾಗಿಲು ಮುಚ್ಚಲಿಲ್ಲ. ಸೆರೆಯಿಂದ ಬಂದವರನ್ನು ಜನ ಮೆರವಣಿಗೆಯಲ್ಲಿ ಕರೆತಂದರು.

ಒಬ್ಬೊಬ್ಬರ ಮೇಲೆ ನಿಂತ ಶಾಲೆ ಆ ಒಬ್ಬೊಬ್ಬರೊಡನೆಯೇ ಹೋದೀತೆಂಬ ಎಚ್ಚರ ಇವರಿಗೆ ಬಂದದ್ದು ಈ ಅನುಭವದಿಂದಲೇ ಇರಬೇಕು. 1884ರ ಅಕ್ಟೋಬರ್ 24ರಂದು ಪುಣೆಯಲ್ಲಿ ಸಭೆ ಕೂಡಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಲಾಯಿತು. ಮರುವರ್ಷ 1885ರ ಜನೇವರಿ 2ರಂದು ಫರ್ಗ್ಯುಸನ್ ಕಾಲೇಜು ತೆರೆಯಿತು. ಆಗಿನ ಮುಂಬಯಿ ಗವರ್ನರರಾಗಿದ್ದ ಜೇಮ್ಸ್ ಫರ್ಗ್ಯುಸನ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಗವರ್ನರರು ತಮ್ಮ ಕೈಯಿಂದ ದೇಣಿಗೆಯನ್ನೂ ಕೊಟ್ಟರು. ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಿಕರೂ ನೆರವಾದರು. ಸರಕಾರದ ಚಾಕರಿ ಬೇಡವೆಂದು ಬಂದವರೇ ಗವರ್ನರರ ಹೆಸರನ್ನು ಒಪ್ಪಿಕೊಂಡರೆಂದು ಇಂದು ಕೆಲವರು ನಗಬಹುದು. ಕಾಲೇಜು ಕಟ್ಟಲು ಹೊರಟವರಿಗೆ ದಾನಿಗಳ ಬಾಗಿಲಿಗೆ ಹೋಗುವಾಗ ಅಂಥ ಹೆಸರಿನ ಬಲವೂ ಬೇಕಾಗುತ್ತದೆ.

ಈ ಸೊಸಾಯಿಟಿಯ ಹೊಸತನವಿದ್ದುದು 'ಆಜೀವ ಸದಸ್ಯ' ಎಂಬ ಪದ್ಧತಿಯಲ್ಲಿ. ಶಾಲೆಯ ಗುರುಗಳೇ ಸಂಸ್ಥೆಯ ಆಡಳಿತ ನಡೆಸುವವರು. ಹೊರಗಿನ ಶ್ರೀಮಂತ ಧನಿಗಳು ದೇಣಿಗೆ ಕೊಡಬಹುದು, ಸಲಹೆ ಹೇಳಬಹುದು, ಆದರೆ ದಿನದಿನದ ಕಾರುಬಾರು ಆಜೀವ ಸದಸ್ಯರ ಮಂಡಳಿಯದು. ಹೀಗೆ ಸೇರುವವನು ಇಪ್ಪತ್ತು ವರ್ಷ ಸಂಸ್ಥೆಗಾಗಿ ದುಡಿಯುವೆನೆಂದು ಮಾತು ಕೊಡಬೇಕು. ಸಂಬಳ ತಿಂಗಳಿಗೆ 75 ರೂಪಾಯಿ. ಪ್ರಿನ್ಸಿಪಾಲನಿಗೂ ಅಷ್ಟೇ, ಗಣಿತ ಹೇಳುವವನಿಗೂ ಅಷ್ಟೇ. ಸರಕಾರಿ ಕಾಲೇಜಿನ ಪ್ರಾಧ್ಯಾಪಕರಿಗೆ ಇದರ ಹಲವು ಪಟ್ಟು ಸಿಕ್ಕುತ್ತಿದ್ದ ಕಾಲವದು.

ಟಿಳಕರ ಮನಸ್ಸಿನಲ್ಲಿದ್ದ ಮಾದರಿ ಜೆಸುಯಿಟ್ ಪಾದ್ರಿಗಳದು. ತನ್ನದೆಂಬುದನ್ನೆಲ್ಲ ಬಿಟ್ಟು, ಸಂಸ್ಥೆ ಕೊಟ್ಟದ್ದನ್ನು ಉಂಡು, ಉಳಿದ ಹೊತ್ತನ್ನೂ ಬುದ್ಧಿಯನ್ನೂ ಸಂಸ್ಥೆಗೇ ಸಲ್ಲಿಸಬೇಕೆಂಬುದು ಆ ಪಾದ್ರಿಗಳ ಶಿಸ್ತು. ಟಿಳಕರ ಪ್ರಕಾರ ಆಜೀವ ಸದಸ್ಯನು ಹೊರಗೆ ಗಳಿಸುವುದು ಸಲ್ಲದು, ಗಳಿಸಿದರೂ ಅದು ಸಂಸ್ಥೆಯ ಬೊಕ್ಕಸಕ್ಕೆ ಸೇರತಕ್ಕದ್ದು. ಆಗರಕರ ಮತ್ತು ಇತರರ ಮತ ಬೇರೆಯಾಗಿತ್ತು. ಪಾದ್ರಿಗಳಿಗೆ ಹೆಂಡತಿ ಮಕ್ಕಳಿಲ್ಲ, ಇಲ್ಲಿ ಎಲ್ಲರೂ ಸಂಸಾರಿಗಳು. ಪಾಠದ ಕೆಲಸಕ್ಕೆ ಧಕ್ಕೆ ಬಾರದಂತೆ ಒಬ್ಬನು ರಾತ್ರಿ ಕುಳಿತು ಪುಸ್ತಕ ಬರೆದು ನಾಲ್ಕು ಕಾಸು ಗಳಿಸಿದರೆ ತಪ್ಪೇನು? ಗೋಖಲೆಯವರು ಬರೆದ ಅಂಕಗಣಿತದ ಪಠ್ಯಪುಸ್ತಕ ಮುಂದೆ ಬಹಳ ಕಡೆಗಳಲ್ಲಿ ನಡೆಯಿತು. ಆಪಟೆಯವರ ಕೋಶವೂ ಹಾಗೆಯೇ. ಇಂಥ ಗಳಿಕೆ ಯಾರದು?

ಸೊಸಾಯಿಟಿ ಹುಟ್ಟಿದಾಗ ಈ ಪ್ರಶ್ನೆಯನ್ನು ಯಾರೂ ಬಿಡಿಸಿಕೊಂಡಿರಲಿಲ್ಲ. ಎಲ್ಲರೂ ಒಂದೇ ಮನೆಯವರಂತಿದ್ದಾಗ ಅಂಥದನ್ನು ಬಾಯಿಬಿಟ್ಟು ಕೇಳುವುದೇ ಸಣ್ಣತನವೆನಿಸುತ್ತದೆ. ಸಂಸಾರ ಬೆಳೆದು ಸಂಬಳ ಸಾಲದಾದಾಗ ಅದು ಎದ್ದು ನಿಂತಿತು. ಸಂಬಳವನ್ನು ಸ್ವಲ್ಪ ಹೆಚ್ಚಿಸಬೇಕೆಂಬ ಸೂಚನೆ ಬಂದಾಗ ಟಿಳಕರು ವಿರೋಧಿಸಿದರು. ಇದರ ಜೊತೆಗೆ ಸಮಾಜ ಸುಧಾರಣೆಯ ವಾದವೂ ಸೇರಿತು. ಬಾಲ್ಯವಿವಾಹದಂಥ ವಿಷಯಗಳಲ್ಲಿ ಆಗರಕರರು ಮುಂದೆ ಮುಂದೆ ಹೋಗುವವರು, ಸರಕಾರದ ಕಾಯ್ದೆಯಿಂದ ಸುಧಾರಣೆ ತರುವುದು ಟಿಳಕರಿಗೆ ಒಪ್ಪಿಗೆಯಿಲ್ಲ. 1887ರಲ್ಲಿ ಆಗರಕರರು ಕೇಸರಿಯನ್ನು ಬಿಟ್ಟು 1888ರಲ್ಲಿ 'ಸುಧಾರಕ'ವೆಂಬ ತಮ್ಮದೇ ಪತ್ರಿಕೆ ಆರಂಭಿಸಿದರು. ಒಂದೇ ಕೋಣೆಯಲ್ಲಿ ಸೆರೆವಾಸ ಅನುಭವಿಸಿದ ಗೆಳೆಯರು ಎರಡು ಪತ್ರಿಕೆಗಳಲ್ಲಿ ಪರಸ್ಪರ ಖಂಡನೆ ಬರೆಯತೊಡಗಿದರು. ಬೆಳಿಗ್ಗೆ ಅದೇ ಕಾಲೇಜಿಗೆ ಹೋಗಿ ಪಾಠ ಹೇಳಬೇಕು, ಸಂಜೆ ಅದೇ ಮಂಡಳಿಯ ಸಭೆಯಲ್ಲಿ ಕೂಡಬೇಕು.

ಕೊನೆಗೆ ಜಗಳ ತುದಿ ಮುಟ್ಟಿದ್ದು ಆ ಗುಂಪಿನಲ್ಲೇ ಎಳೆಯರಾದ ಗೋಪಾಳ ಕೃಷ್ಣ ಗೋಖಲೆಯವರ ನಿಮಿತ್ತವಾಗಿ. 1866ರಲ್ಲಿ ಹುಟ್ಟಿದ ಗೋಖಲೆಯವರು ಹತ್ತೊಂಬತ್ತನೆಯ ವಯಸ್ಸಿಗೆ ಶಾಲೆಯ ಶಿಕ್ಷಕರಾಗಿ ಬಂದು, ಬೇಗನೆ ಆಜೀವ ಸದಸ್ಯರಾಗಿದ್ದರು. ನ್ಯಾಯಮೂರ್ತಿ ರಾನಡೆಯವರ ಶಿಷ್ಯರಾದ ಅವರು ಪುಣೆಯ ಸಾರ್ವಜನಿಕ ಸಭೆಯ ಕಾರ್ಯದರ್ಶಿಯ ಹೊಣೆಯನ್ನೂ ವಹಿಸಿಕೊಂಡರು. ಆಜೀವ ಸದಸ್ಯನ ಹೊತ್ತು ಹೊರಗಿನ ಕೆಲಸಕ್ಕೆ ಹೋಗತೊಡಗಿದರೆ ವ್ರತ ಎಲ್ಲಿ ಉಳಿಯಿತೆಂದು ಟಿಳಕರು ಆಕ್ಷೇಪಿಸಿದರು. ಟಿಳಕರ ಕೈಯಲ್ಲೂ ಪತ್ರಿಕೆಗಳಿವೆಯಲ್ಲ ಎಂಬ ಪ್ರತಿಮಾತು ಬಂತು. ಮಂಡಳಿಯಲ್ಲಿ ಬಹುಮತ ಟಿಳಕರ ವಿರುದ್ಧವಾಗಿತ್ತು. 1890ರ ಅಕ್ಟೋಬರ್ 14ರಂದು ಅವರು ರಾಜೀನಾಮೆ ಬರೆದರು. ಡಿಸೆಂಬರಿನಲ್ಲಿ ಒಂದು ದೀರ್ಘ ನಿವೇದನೆಯನ್ನು ಸಲ್ಲಿಸಿ, ಸಂಸ್ಥೆ ಮೂಲ ತತ್ತ್ವದಿಂದ ಹೇಗೆ ಜಾರಿತೆಂಬುದನ್ನು ತಮ್ಮ ದೃಷ್ಟಿಯಿಂದ ವಿವರಿಸಿ ಹೊರಬಂದರು. ಹತ್ತು ವರ್ಷ ರಕ್ತ ಬಸಿದು ಕಟ್ಟಿದ ಮನೆಯಿಂದ ಹೊರಬೀಳುವುದು ಅವರಿಗೆ ಎಷ್ಟು ನೋವಿನದಾಗಿತ್ತೆಂಬುದು ಆ ನಿವೇದನೆಯ ಉದ್ದದಿಂದಲೇ ತಿಳಿಯುತ್ತದೆ.

ಯಾರದು ಸರಿ? ಪಕ್ಷ ಹಿಡಿದವರು ಇಂದಿಗೂ ಹಿಡಿಯುತ್ತಾರೆ. ತತ್ತ್ವದ ಮಾತಿಗೆ ಟಿಳಕರ ನಿಲುವು ಹೆಚ್ಚು ಶುದ್ಧವಾದದ್ದು, ಸಂಸಾರಿಗಳು ನಡೆಸುವ ಸಂಸ್ಥೆಗೆ ಇತರರ ನಿಲುವು ಹೆಚ್ಚು ನಡೆಯುವಂಥದು ಎಂದರೆ ಇಬ್ಬರಿಗೂ ಅನ್ಯಾಯವಾಗಲಿಕ್ಕಿಲ್ಲ. ಹಣ ತಿಂದನೆಂದು ಯಾರೂ ಯಾರ ಮೇಲೂ ಬೆರಳು ತೋರಿಸಲಿಲ್ಲ. ಹೊರಬಂದ ಟಿಳಕರು ತಮ್ಮ ಪಾಲು ಕೊಡಿರೆಂದು ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಕಾನೂನು ತರಗತಿ ನಡೆಸಿ, ಲಾತೂರಿನ ಹತ್ತಿಯ ಜಿನ್ನಿನಲ್ಲಿ ಪಾಲುಗಾರರಾಗಿ, ಸಾಲದ ಸಹಿತ ತಮ್ಮ ಕೈಗೆ ಬಂದ ಪತ್ರಿಕೆಗಳನ್ನು ನಡೆಸಿ ಬದುಕಿದರು.

ಪಾಲು ಕೇಳುವ ಹಾಗಿರಲಿಲ್ಲವೆಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ದೇವಸ್ಥಾನದ ಕಮಿಟಿಗಳಿಗೂ ಅದು ಸಂಬಂಧಿಸಿದ್ದು. 1860ರ 21ನೆಯ ಕಾಯ್ದೆಯು ಸಂಘಗಳ ನೋಂದಣಿಯ ಕಾಯ್ದೆ. ಸಾಹಿತ್ಯ, ಶಾಸ್ತ್ರ ಅಥವಾ ಧರ್ಮಾರ್ಥದ ಉದ್ದೇಶಕ್ಕಾಗಿ ಏಳು ಅಥವಾ ಹೆಚ್ಚು ಜನ ಕೂಡಿ, ಉದ್ದೇಶಪತ್ರಕ್ಕೆ ಸಹಿ ಮಾಡಿ ಸಂಘವನ್ನು ದಾಖಲು ಮಾಡಿಸಬಹುದು. ವಾರ್ಷಿಕ ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯವರ ಯಾದಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ಸಂಘವನ್ನು ಮುಚ್ಚಬೇಕಾದರೆ ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನ ಒಪ್ಪಬೇಕು. ಮುಚ್ಚಿದ ಮೇಲೆ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಇನ್ನೊಂದು ಸಂಘಕ್ಕೇ ಹೋಗಬೇಕು. ಅಂಗಡಿಯ ಪಾಲುಗಾರಿಕೆಗೂ ಸಂಘಕ್ಕೂ ಇರುವ ಭೇದ ಇಲ್ಲಿದೆ.

ಮುಂದೆ ಮುಂಬಯಿ ಪ್ರಾಂತದಲ್ಲಿ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ ಬಂದಾಗ ಗುಡಿ, ಮಠ, ಸಂಘಗಳೆಲ್ಲ ಧರ್ಮಾದಾಯ ಆಯುಕ್ತರ ದಫ್ತರಕ್ಕೆ ಒಳಪಟ್ಟವು. ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಕನ್ನಡಿಗರ ಗುಡಿಗಳು ಇಂದಿಗೂ ಇದೇ ಕಾಯ್ದೆಗೆ ಒಳಪಟ್ಟಿವೆ, ಈಗ ಅದಕ್ಕೆ ಮಹಾರಾಷ್ಟ್ರದ ಹೆಸರು ಬಂದಿದೆಯಷ್ಟೇ. ಪ್ರತಿ ವರ್ಷ ಲೆಕ್ಕ ತಪಾಸಣೆಯಾಗಬೇಕು. ಒಬ್ಬ ಟ್ರಸ್ಟಿ ತೀರಿಕೊಂಡರೆ, ಬಿಟ್ಟರೆ, ಹೊಸಬ ಬಂದರೆ 90 ದಿನಗಳಲ್ಲಿ ಬದಲಾವಣೆಯ ವರದಿ ಕೊಡಬೇಕು. ದೇವರ ಹೊಲವನ್ನಾಗಲಿ ಜಾಗವನ್ನಾಗಲಿ ಆಯುಕ್ತರ ಅನುಮತಿಯಿಲ್ಲದೆ ಮಾರುವಂತಿಲ್ಲ. ಬದಲಾವಣೆಯ ವರದಿಯನ್ನು ಅಲಕ್ಷ್ಯ ಮಾಡಿದ ಕಡೆಗಳಲ್ಲಿ ತೀರಿಹೋದ ಹಿರಿಯರ ಹೆಸರೇ ದಫ್ತರದಲ್ಲಿ ಉಳಿದುಬಿಡುತ್ತದೆ. ಜಗಳವೋ ಖಟ್ಲೆಯೋ ಎದ್ದ ದಿನ, ಸಹಿ ಮಾಡುವ ಅಧಿಕಾರ ಯಾರಿಗಿದೆಯೆಂದು ತೋರಿಸಲು ಬದುಕಿರುವವರು ಪರದಾಡಬೇಕಾಗುತ್ತದೆ.

ಮತ್ತೆ ಪುಣೆಗೆ ಹೋಗೋಣ. ಟಿಳಕರಂಥವರು ಹೊರಟುಹೋದ ಮೇಲೆ ಸೊಸಾಯಿಟಿ ಕುಸಿಯಬೇಕಿತ್ತು. 1892ರಲ್ಲಿ ಪ್ರಿನ್ಸಿಪಾಲ್ ಆಪಟೆಯವರೂ ತೀರಿದರು. ಆ ಸ್ಥಾನಕ್ಕೆ ಬಂದ ಆಗರಕರರು ದಮ್ಮಿನ ಬೇನೆಯಿಂದ ಬಳಲುತ್ತಲೇ ದುಡಿದು 1895ರ ಜೂನಿನಲ್ಲಿ, ನಲವತ್ತು ತುಂಬುವ ಮೊದಲೇ, ಕಣ್ಣು ಮುಚ್ಚಿದರು. ದೇವರು-ಧರ್ಮಗಳ ವಿಷಯದಲ್ಲಿ ಅವರ ವಿಚಾರಗಳನ್ನು ಒಪ್ಪದ ಆಸ್ತಿಕರೂ ಅವರ ತ್ಯಾಗಕ್ಕೆ ತಲೆಬಾಗಿದ್ದಾರೆ. ಕೇಸರಿಯಲ್ಲಿ ಅವರ ಮೃತ್ಯುಲೇಖ ಬರೆದವರು ಟಿಳಕರೇ. ಇಷ್ಟು ಪೆಟ್ಟುಗಳ ನಡುವೆಯೂ ಕಾಲೇಜು ನಿಂತಿತು, ಬೆಳೆಯಿತು. ಊರೂರು ತಿರುಗಿ ಕಟ್ಟಡ ನಿಧಿ ಕೂಡಿಸುವ ಕೆಲಸದಲ್ಲಿ ಗೋಖಲೆಯವರು ತಮ್ಮ ರಜೆಯ ದಿನಗಳನ್ನು ಕಳೆದರು. 1902ರಲ್ಲಿ ನಿವೃತ್ತರಾಗುವವರೆಗೂ ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮುಂದಿನ ಸಂಗತಿಯನ್ನು ಗಮನಿಸಬೇಕು. 1905ರ ಜೂನ್ 12ರಂದು ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದಕ್ಕೆ ಸೇರುವವರು ಏಳು ಪ್ರತಿಜ್ಞೆಗಳನ್ನು ಸ್ವೀಕರಿಸಬೇಕು. ಸಮಾಜವು ತನಗೂ ತನ್ನ ಕುಟುಂಬಕ್ಕೂ ಏನು ಒದಗಿಸುತ್ತದೋ ಅಷ್ಟರಲ್ಲಿ ತೃಪ್ತನಾಗಿರುವೆ, ನನಗಾಗಿ ಹಣ ಗಳಿಸಲು ನನ್ನ ಶಕ್ತಿಯ ಯಾವ ಭಾಗವನ್ನೂ ವ್ಯಯಿಸಲಾರೆ ಎಂಬರ್ಥದ ಪ್ರತಿಜ್ಞೆ ಅವುಗಳಲ್ಲಿ ಒಂದು. ಹದಿನೈದು ವರ್ಷಗಳ ಹಿಂದೆ ಟಿಳಕರು ಹಿಡಿದ ಹಟವೇ ಇದು! ಯಾರ ಹೊರಗಿನ ಕೆಲಸದ ನಿಮಿತ್ತ ಟಿಳಕರು ಸಂಸ್ಥೆ ಬಿಟ್ಟರೋ, ಅವರೇ ತಮ್ಮ ಸಂಸ್ಥೆ ಕಟ್ಟುವಾಗ ಆ ನಿಯಮವನ್ನು ಮೊದಲೇ, ಸೇರುವ ಬಾಗಿಲಲ್ಲೇ, ಸ್ಪಷ್ಟ ಮಾತುಗಳಲ್ಲಿ ಬರೆದಿಟ್ಟರು. ರಾಜಕಾರಣದಲ್ಲಿ ಇಬ್ಬರೂ ಕೊನೆಯವರೆಗೆ ಬೇರೆ ಬೇರೆ ದಾರಿ ಹಿಡಿದವರು. ಈ ಒಂದು ವಿಷಯದಲ್ಲಿ ಗೋಖಲೆಯವರು ಟಿಳಕರ ಕಡೆಗೆ ಬಂದಂತೆ ತೋರುತ್ತದೆ.

ಟಿಳಕರಿಂದ ತೆರವಾದ ಗಣಿತದ ಸ್ಥಾನಕ್ಕೆ 1891ರಲ್ಲಿ ಬಂದವರು ಧೋಂಡೋ ಕೇಶವ ಕರ್ವೆಯವರು. ಅವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದು, ಆಮೇಲೆ ಅದನ್ನು ಪುಣೆಯ ಹೊರಗಿನ ಹಿಂಗಣೆಯಲ್ಲಿ ನೆಲೆಗೊಳಿಸಿ, 1916ರಲ್ಲಿ ಮಹಿಳಾ ವಿದ್ಯಾಪೀಠವನ್ನೇ ಕಟ್ಟಿದರು. 1958ರಲ್ಲಿ ಭಾರತರತ್ನರಾದರು. ನೂರು ದಾಟಿ ಬಾಳಿದ ಅವರ ಕಥೆಗೆ ಬೇರೆ ಲೇಖನವೇ ಬೇಕು.

ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಗೂ ಕನ್ನಡಕ್ಕೂ ಇರುವ ಋಣಾನುಬಂಧ ದೊಡ್ಡದು. ವರಕವಿ ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. 1919ರಲ್ಲಿ ಸೊಸಾಯಿಟಿ ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜನ್ನು ತೆರೆಯಿತು. ಕನ್ನಡ ಸಾಹಿತ್ಯ ಚರಿತ್ರೆ ಬರೆದ ರಂ. ಶ್ರೀ. ಮುಗಳಿಯವರು ಅಲ್ಲಿ ಮೂರು ದಶಕಗಳಷ್ಟು ಕಾಲ ಕನ್ನಡ ಕಲಿಸಿದರು. ವಿ.ಕೃ. ಗೋಕಾಕರನ್ನು ಇದೇ ಸೊಸಾಯಿಟಿ 1936ರಲ್ಲಿ ಆಕ್ಸ್‌ಫರ್ಡಿಗೆ ಕಳಿಸಿತು, ಮರಳಿ ಬಂದ ಮೇಲೆ ಅವರು ವಿಲಿಂಗ್ಡನ್ ಕಾಲೇಜಿನ ಪ್ರಿನ್ಸಿಪಾಲರಾದರು. ಜತ್ತ ತಾಲೂಕು ಇಂದು ಸೇರಿರುವ ಜಿಲ್ಲೆಯ ಊರಿನಲ್ಲೇ ಇಂಥ ಕನ್ನಡ ವಿದ್ವಾಂಸರು ಪಾಠ ಹೇಳುತ್ತಿದ್ದರೆಂಬುದು ಇಂದಿನ ಹುಡುಗರಿಗೆ ಗೊತ್ತಿದ್ದಂತಿಲ್ಲ.

ಇದಕ್ಕಿಂತ ದೊಡ್ಡ ಫಲ ಬೆಳಗಾವಿಯದು. ಮುಂಬಯಿ ಕರ್ನಾಟಕದಲ್ಲಿ ಆಗ ಶಿಕ್ಷಣ ಹಿಂದುಳಿದಿತ್ತು. ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ಧಪ್ಪನವರು 1883ರಲ್ಲೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ನಿಧಿ ಕೂಡಿಸಿದ್ದರು. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಮೃತ್ಯುಪತ್ರ ಬರೆದಿಟ್ಟರು. ಹಣ ಕೊಡುವ ದೊಡ್ಡ ಮನಸ್ಸುಗಳು ಹೀಗೆ ಇದ್ದವು, ನಿತ್ಯ ಶಾಲೆ ನಡೆಸುವ ಜನ ಬೇಕಾಗಿತ್ತು. ಪುಣೆಯ ಮಾದರಿಯನ್ನು ಕಣ್ಣಮುಂದೆ ಇಟ್ಟುಕೊಂಡ ತರುಣ ಶಿಕ್ಷಕರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು, ಅಂದರೆ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ಬಿ. ಬಿ. ಮಮದಾಪುರ ಮುಂತಾದ ಈ ಮಹನೀಯರನ್ನು ಜನ 'ಸಪ್ತರ್ಷಿ'ಗಳೆಂದೇ ಕರೆದರು. ಕಾಯ್ದೆ ಕೇಳುವ ಏಳು ಸಹಿಗಳೂ ಜನ ಕೊಟ್ಟ ಈ ಹೆಸರಿನ ಏಳೂ ಹೊಂದಿಬಂದದ್ದು ಒಂದು ಯೋಗ.

ಮೊದಲ ಶಾಲೆಗೆ ತಮ್ಮ ಹೆಸರಿಡದೆ, ಹಿಂದಿನ ಪೀಳಿಗೆಯ ಆ ಇಬ್ಬರು ಹಿರಿಯರ ನೆನಪಿಗೆ ಗಿಲಗಂಚಿ-ಅರಟಾಳ ಪ್ರೌಢಶಾಲೆ ಎಂದು ಕರೆದರು. ಆಜೀವ ಸದಸ್ಯರ ಪದ್ಧತಿ ಇಲ್ಲಿಗೂ ಬಂತು. ಶಾಲೆ ನಡೆಸುತ್ತಲೇ ಬಸವನಾಳರು ವಚನಗಳ ಸಂಪಾದನೆಯಂಥ ಘನಕಾರ್ಯ ಮಾಡಿ 1944ರಲ್ಲಿ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಾಖರೆಯವರು 1942ರಲ್ಲಿ ಲಿಂಗಾಯತ ಧರ್ಮದ ಇತಿಹಾಸ, ತತ್ತ್ವಗಳನ್ನು ಕುರಿತು ಇಂಗ್ಲಿಷಿನಲ್ಲಿ ಹೆಗ್ಗ್ರಂಥ ಬರೆದರು. ಶಾಲೆಯಿಂದ ಮೊದಲ ಕಾಲೇಜಿಗೆ ಹದಿನೇಳು ವರ್ಷ ಹಿಡಿಯಿತು. 1933ರಲ್ಲಿ ತೆರೆದ ಆ ಕಾಲೇಜು ಸಿರಸಂಗಿಯ ದಾನಿಯ ಹೆಸರಿನಲ್ಲಿ ಲಿಂಗರಾಜ ಕಾಲೇಜಾಯಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು ಬಂದವು. ಸ್ಥಾಪಕರ ಕಾಲದಲ್ಲಿ ಬೆಳಗಾವಿ, ಸೊಲ್ಲಾಪುರ ಎರಡೂ ಒಂದೇ ಮುಂಬಯಿ ಪ್ರಾಂತದ ಊರುಗಳು. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಬಿದ್ದರೂ ಸಂಸ್ಥೆಯ ಕಾರ್ಯ ಆ ಗೆರೆಯ ಈಚೆಗೆ ನಿಲ್ಲಲಿಲ್ಲ. ಸೊಲ್ಲಾಪುರದಲ್ಲೂ ಅಕ್ಕಲಕೋಟೆಯಲ್ಲೂ ಅದರ ಪ್ರೌಢಶಾಲೆಗಳಿವೆ.